ಸಂಘದ ಪುಸ್ತಕವನ್ನು ಯಾರು ಯಾರು ಓದಬಹುದು?

ಫತೇಗಂಜಿನಲ್ಲಿ ನಾಲ್ಕು ಕನ್ನಡ ಸಂಸಾರಗಳು ಒಂದೆಡೆ ಕೂಡಿದರೆ ಮಾತು ಮೊದಲು ಊರಿನ ಮಳೆ ಬೆಳೆಗೆ ಹೋಗುತ್ತದೆ. ಅಲ್ಲಿಂದ ಮಕ್ಕಳ ಪರೀಕ್ಷೆಗೆ. ಆಗಸ್ಟ್ ಕಳೆಯಿತೆಂದರೆ ರಾಜ್ಯೋತ್ಸವಕ್ಕೆ. ಸಭಾಂಗಣವನ್ನು ಯಾರು ಗೊತ್ತುಮಾಡಬೇಕು, ಬಿಸಿಬೇಳೆ ಭಾತಿಗೆ ಅಡುಗೆಯವರು ಯಾರು, ಮಕ್ಕಳ ನಾಟಕಕ್ಕೆ ಬಣ್ಣ ಹಚ್ಚುವವರು ಯಾರು, ಯಾರ ಮನೆಯಿಂದ ಚಂದಾ ಬಂತು, ಯಾರ ಮನೆಯಿಂದ ಬರಬೇಕು—ಇವೆಲ್ಲಕ್ಕೂ ಹಿಂದೆ ಒಂದು ಉದ್ದನೆಯ ರಟ್ಟಿನ ಪುಸ್ತಕವಿರುತ್ತಿತ್ತು. ಅದು ಕಾರ್ಯದರ್ಶಿಗಳ ಮನೆಯ ಬೀರುವಿನಲ್ಲಿರುವುದು ವಾಡಿಕೆ. ನೋಡಬೇಕೆಂದವರು ಅವರ ಮನೆಗೆ ಹೋಗಿ, ಕೊಟ್ಟ ಕಾಫಿ ಕುಡಿದು, ಅವರ ಕಣ್ಣೆದುರಿಗೇ ಪುಟ ತಿರುವಿ ಬರಬೇಕಾಗಿತ್ತು. ಆ ಪುಸ್ತಕ ಈಗ ಬೀರು ಬಿಟ್ಟು ನಮ್ಮೆಲ್ಲರ ಫೋನಿನೊಳಕ್ಕೆ ಬಂದು ಕುಳಿತಿದೆ. ಬಂದದ್ದು ಒಳ್ಳೆಯದೇ. ಆದರೆ ಬೀರುವಿನ ಬೀಗದ ಕೈ ಏನಾಯಿತು ಎಂಬ ಮಾತನ್ನು ಯಾರೂ ಎತ್ತಿದ ಹಾಗೆ ಕಾಣಲಿಲ್ಲವಾದ್ದರಿಂದ ಈ ಬರಹಕ್ಕೆ ಕೈ ಹಾಕಿದ್ದೇವೆ.

ವಿಷಯ ಹೊಸದೆನ್ನಿಸುವ ಹಿರಿಯರಿಗಾಗಿ ಎರಡು ಮಾತು. ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಟ್ರೆಲೊ, ಜಿರಾ, ಆಸನ ಎಂಬ ಹೆಸರುಗಳನ್ನು ದಿನಕ್ಕೆ ಹತ್ತು ಸಲ ಹೇಳುವುದನ್ನು ಕೇಳಿರುತ್ತೀರಿ. (ಕೊನೆಯದು ನಮ್ಮ ಯೋಗಾಸನದ ಆಸನವೇ, ಅಮೆರಿಕದವರು ಹೆಸರನ್ನು ಎರವಲು ಪಡೆದಿದ್ದಾರೆ.) ಹತ್ತಾರು ಜನ ಸೇರಿ ಮಾಡುವ ಕೆಲಸವನ್ನು ಹಂಚಿಕೊಂಡು ನಡೆಸಲು ಮಾಡಿದ ಸಾಧನಗಳು ಇವು. ಟ್ರೆಲೊದಲ್ಲಿ ಒಂದು ಬೋರ್ಡು. ಅದರ ಮೇಲೆ 'ಆಗಬೇಕಾದದ್ದು', 'ಆಗುತ್ತಿರುವುದು', 'ಆದದ್ದು' ಎಂಬ ಸಾಲುಗಳು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಕಾರ್ಡಿನೊಳಗೆ ಹೊಣೆ ಹೊತ್ತವರ ಹೆಸರು, ಗಡುವು, ಬೇಕಾದರೆ ರಸೀತಿಯ ಚಿತ್ರ, ಪತ್ರದ ನಕಲು. ಅಷ್ಟೆಲ್ಲ ಏಕೆ ಎನ್ನುವವರು ಒಂದು ಗೂಗಲ್ ಶೀಟ್ ತೆರೆದು ಅದರಲ್ಲೇ ಕೋಷ್ಟಕ ಹಾಕಿ ಸಾಗಿಸುತ್ತಾರೆ. ಫತೇಗಂಜಿನಲ್ಲೊಬ್ಬರು, ನಿಜಾಂಪುರದಲ್ಲಿಬ್ಬರು, ಗೋತ್ರಿ, ಮಕರಪುರ, ರಿಫೈನರಿಯ ಕಡೆ ಇನ್ನಷ್ಟು ಜನ, ಹೀಗೆ ಚೆದುರಿ ಕುಳಿತಿರುವ ನಮ್ಮಂಥವರಿಗೆ ಇದೊಂದು ವರವೆಂದೇ ಹೇಳಬೇಕು. ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದವರೂ ಊಟ ಮಾಡುತ್ತಲೇ ನೋಡಿ, ಕೆಲಸ ಎಲ್ಲಿಗೆ ಬಂತೆಂದು ತಿಳಿಯಬಹುದು.

ಇನ್ನು ಆ ಪುಸ್ತಕದೊಳಗೆ ಏನೇನಿರುತ್ತದೆಂಬುದನ್ನು ನೋಡೋಣ. ಊರಿನಲ್ಲಿದ್ದಾಗ ನಮ್ಮ ವಿಷಯ ಹತ್ತು ಕಡೆ ಹಂಚಿಹೋಗಿರುತ್ತದೆ. ವಿಳಾಸ ಅಂಚೆಯವನಿಗೆ ಗೊತ್ತು, ಕಾಯಿಲೆ ವೈದ್ಯರಿಗೆ ಗೊತ್ತು, ಸಾಲ ಸೊಸೈಟಿಯವರಿಗೆ ಗೊತ್ತು, ಮಗಳ ಮದುವೆಯ ಮಾತುಕತೆ ಸೋದರಮಾವನಿಗೆ ಗೊತ್ತು. ಎಲ್ಲವೂ ಒಬ್ಬನಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಯಾರೂ ನಮ್ಮನ್ನು ಪೂರ್ತಿ ಬಲ್ಲವರಲ್ಲ. ಪರಸ್ಥಳದಲ್ಲಿ ಹಾಗಲ್ಲ. ಇಲ್ಲಿ ಸಂಘವೇ ಸೋದರಮಾವ, ಸಂಘವೇ ಸೊಸೈಟಿ. ಹೊಸದಾಗಿ ವರ್ಗವಾಗಿ ಬಂದವರಿಗೆ ಮನೆ ಹುಡುಕಿಕೊಡುವುದು, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ರಕ್ತ ಕೊಡುವವರನ್ನು ಕಳಿಸುವುದು, ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಹುಡುಗನಿಗೆ ಊಟದ ಏರ್ಪಾಟು ಮಾಡುವುದು, ಎಲ್ಲವೂ ಅದೇ ನಾಲ್ಕು ಜನರ ಪಾಲಿಗೆ ಬರುತ್ತದೆ. ಹೀಗಾಗಿ ಊರಿನಲ್ಲಿ ಹತ್ತು ಕಡೆ ಇದ್ದದ್ದು ಇಲ್ಲಿ ಒಂದೇ ಹಾಳೆಗೆ ಬಂದು ಬೀಳುತ್ತದೆ: ಫೋನ್ ಸಂಖ್ಯೆ, ಫ್ಲ್ಯಾಟಿನ ಸಂಖ್ಯೆ, ರಕ್ತದ ಗುಂಪು, ಮಕ್ಕಳ ಹೆಸರು, ವಯಸ್ಸು, ಶಾಲೆ, ಕೊಟ್ಟ ಚಂದಾ, ಪಡೆದ ಸಹಾಯ.

ದೀಪಾವಳಿ ರಜೆಯನ್ನೇ ತೆಗೆದುಕೊಳ್ಳಿ. ಊರಿಗೆ ಹೋಗುವವರೆಲ್ಲ ಒಟ್ಟಿಗೆ ಟಿಕೆಟ್ ಮಾಡಿಸೋಣವೆಂದು ಯಾರೋ ಪುಣ್ಯಾತ್ಮರು ಒಂದು ಕೋಷ್ಟಕ ತೆರೆಯುತ್ತಾರೆ. ಹೆಸರು, ಫ್ಲ್ಯಾಟಿನ ಸಂಖ್ಯೆ, ಎಷ್ಟು ಜನ, ಹೊರಡುವ ದಿನ, ಮರಳುವ ದಿನ. ಎಲ್ಲವೂ ಒಂದೇ ಸಾಲಿನಲ್ಲಿ! ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಪಂಚಾಂಗ ಬೇಕೆ?

ಯಾರು ನೋಡಬಹುದು, ಯಾರು ನೋಡಕೂಡದು ಎಂಬುದಕ್ಕೆ ಈ ಸಾಧನಗಳಲ್ಲಿ ಬಾಗಿಲುಗಳಿಲ್ಲವೆಂದಲ್ಲ. ಅಹಮದಾಬಾದಿನ ಪೋಳಗಳನ್ನು ಸುತ್ತಿದವರಿಗೆ ಇದು ಬೇಗ ತಿಳಿದೀತು. ೨೦೧೭ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಆ ಹಳೆಯ ನಗರದಲ್ಲಿ ಪೋಳವೆಂದರೆ ಒಂದು ಕೇರಿ. ಕೇರಿಗೆ ಒಂದು ಹೆಬ್ಬಾಗಿಲು, ಒಳಗೆ ಎಲ್ಲರಿಗೂ ಸೇರಿದ ಚೌಕ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ, ಸುತ್ತಲೂ ಮನೆಗಳು, ಮನೆಮನೆಗೂ ಅದರದೇ ಬಾಗಿಲು. ಬೀದಿಯವರು ಬೀದಿಯಲ್ಲಿ, ಕೇರಿಯವರು ಚೌಕದಲ್ಲಿ, ಮನೆಯವರು ಮನೆಯಲ್ಲಿ. ಟ್ರೆಲೊದ ಬೋರ್ಡಿಗೂ ಇದೇ ಬಗೆಯ ಮೂರು ಅಳತೆಗಳುಂಟು. ಖಾಸಗಿ ಎಂದು ಇಟ್ಟರೆ ಆ ಬೋರ್ಡಿಗೆ ಹೆಸರು ಸೇರಿಸಿದವರು ನೋಡುತ್ತಾರೆ. ಬಳಗಕ್ಕೆ ಎಂದು ಇಟ್ಟರೆ ಸಂಘದ ಒಟ್ಟು ಖಾತೆಯಲ್ಲಿರುವ ಎಲ್ಲ ಸದಸ್ಯರೂ ನೋಡುತ್ತಾರೆ. ಸಾರ್ವಜನಿಕ ಎಂದು ಇಟ್ಟರೆ ಲೋಕವೇ ನೋಡುತ್ತದೆ. ಗೂಗಲ್‌ನಂಥ ಹುಡುಕುಯಂತ್ರಗಳೂ ಬಂದು ಓದಿಕೊಂಡು ಹೋಗಿ, ಕೇಳಿದವರಿಗೆ ಹೇಳುತ್ತವೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಟ್ರೆಲೊದಲ್ಲಿ ಬಾಗಿಲಿರುವುದು ಬೋರ್ಡಿಗೆ, ಕಾರ್ಡಿಗಲ್ಲ. ಬೋರ್ಡನ್ನು ನೋಡಬಲ್ಲವನು ಅದರ ಮೇಲಿನ ಪ್ರತಿಯೊಂದು ಕಾರ್ಡನ್ನೂ, ಕಾರ್ಡಿಗೆ ಅಂಟಿಸಿದ ಪ್ರತಿಯೊಂದು ಕಾಗದವನ್ನೂ ನೋಡಬಲ್ಲ. ಹೂವಿನ ಹಾರ ತರುವ ಕಾರ್ಡಿನ ಪಕ್ಕದಲ್ಲೇ ಒಂದು ಸಂಸಾರದ ಕಷ್ಟದ ಕಾರ್ಡಿದ್ದರೆ ಹಾರ ತರುವ ಹುಡುಗನಿಗೂ ಅದು ತೆರೆದೇ ಇರುತ್ತದೆ. ಕೆಲಸ ಮುಗಿದ ಮೇಲೆ ಕಾರ್ಡನ್ನು ತೆಗೆದು ಬದಿಗಿಟ್ಟೆವೆಂದು ಸಮಾಧಾನಪಡುವವರುಂಟು. ಬದಿಗಿಟ್ಟದ್ದು ಅಟ್ಟಕ್ಕೆ ಹೋಗುತ್ತದೆಯೇ ಹೊರತು ಒಲೆಗಲ್ಲ, ಹುಡುಕಿದರೆ ಸಿಗುತ್ತದೆ. ಅಳಿಸಿದರೆ ಮಾತ್ರ ಹೋಗುವುದು.

ಗೂಗಲ್ ಶೀಟಿನ ಬಾಗಿಲು ಬೇರೆ ಬಗೆಯದು. ಅಲ್ಲಿ ಹೆಸರು ಹೇಳಿ ಒಬ್ಬೊಬ್ಬರನ್ನೇ ಒಳಕ್ಕೆ ಕರೆಯಬಹುದು. ಇಲ್ಲವೆ 'ಲಿಂಕ್ ಇರುವ ಯಾರಾದರೂ' ಎಂದು ಇಟ್ಟುಬಿಡಬಹುದು. ನಮ್ಮವರೆಲ್ಲ ಎರಡನೆಯದನ್ನೇ ಇಡುತ್ತಾರೆ. ಏಕೆಂದರೆ ಐವತ್ತು ಜನರ ಇಮೇಲ್ ವಿಳಾಸ ಕೂಡಿಸುವವರು ಯಾರು? ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು. ಆದರೆ ಲಿಂಕ್ ಎಂಬುದು ಹೆಸರು ಕೆತ್ತದ ಬೀಗದ ಕೈ. ಗುಂಪಿನಲ್ಲಿದ್ದವರು ತಮ್ಮ ನಾದಿನಿಗೆ ಕಳಿಸುತ್ತಾರೆ, ನಾದಿನಿ ಪೆಂಡಾಲಿನವನಿಗೆ ಕಳಿಸುತ್ತಾಳೆ, ಪೆಂಡಾಲಿನವನು ತನ್ನ ಕೆಲಸದ ಗುಂಪಿಗೆ ಹಾಕುತ್ತಾನೆ. ಯಾರೂ ಕದ್ದದ್ದಲ್ಲ; ಎಲ್ಲರೂ ಕೊಟ್ಟದ್ದೇ. ಆದರೂ ಮೂರನೆಯ ಕೈಗೆ ಹೋಗುವಷ್ಟರಲ್ಲಿ ಸಂಘಕ್ಕೂ ಅದನ್ನು ಹಿಡಿದವನಿಗೂ ಪರಿಚಯವೇ ಇರುವುದಿಲ್ಲ.

ನೋಡುವುದು ಒಂದು, ತಿದ್ದುವುದು ಇನ್ನೊಂದು. ಗೂಗಲಿನವರು ಮೂರು ಮೆಟ್ಟಿಲು ಮಾಡಿದ್ದಾರೆ: ಬರಿದೇ ನೋಡುವವರು, ಟಿಪ್ಪಣಿ ಬರೆಯುವವರು, ತಿದ್ದುವವರು. ತಿದ್ದುವ ಅಧಿಕಾರ ಪಡೆದವರು ಇನ್ನೊಬ್ಬರನ್ನು ಒಳಕ್ಕೆ ಕರೆಯುವ ಅಧಿಕಾರವನ್ನೂ ಜೊತೆಗೇ ಪಡೆಯುತ್ತಾರೆ. ಹಾಗಾಗಕೂಡದೆಂದರೆ ಹಾಳೆಯ ಒಡೆಯರು ಹಂಚಿಕೆಯ ಪುಟಕ್ಕೆ ಹೋಗಿ ಆ ಗುರುತನ್ನು ತೆಗೆಯಬೇಕು. ಇದು ಬಹಳ ಜನರಿಗೆ ತಿಳಿಯದು. ಬಚ್ಚಿಟ್ಟ ಕಾಲಮ್ಮಿನ ಮೇಲೆ ನಂಬಿಕೆ ಇಡುವವರೂ ಇದ್ದಾರೆ. ಬೇಡದ ಸಾಲನ್ನು 'ಮರೆಮಾಡಿ' ಹಾಳೆಯನ್ನು ಹಂಚುತ್ತಾರೆ. ನೋಡುವವನು ಅದರ ಒಂದು ನಕಲು ಮಾಡಿಕೊಂಡರೆ ಮರೆ ಮಾಡಿದ್ದೆಲ್ಲ ಅವನ ನಕಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಾಗಿಲಿಗೆ ಪರದೆ ಹಾಕಿ ಬೀಗ ಹಾಕಿದೆವೆಂದ ಹಾಗೆ. ಅಂಕಣವನ್ನು 'ರಕ್ಷಿಸುವ' ಸೌಕರ್ಯವೂ ತಿದ್ದುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನಲ್ಲ. ಹಾಗೆಯೇ, ಅಳಿಸಿದ ಸಂಗತಿಯೂ ಹಾಳೆಯ ಹಿಂದಿನ ಆವೃತ್ತಿಗಳಲ್ಲಿ ಉಳಿದಿದ್ದು, ತಿದ್ದುವ ಅಧಿಕಾರವುಳ್ಳ ಯಾರೇ ಆಗಲಿ ಹಿಂದಕ್ಕೆ ಹೋಗಿ ನೋಡಬಹುದು.

ಇದೇನು, ಕಂಪ್ಯೂಟರ್ ಅರಿಯದ ಸಂಘದವರ ಅಡ್ಡಾದಿಡ್ಡಿ ಕೆಲಸವೆಂದು ಯಾರಾದರೂ ಅಂದಾರು. ಹಾಗೆನ್ನುವಂತಿಲ್ಲ. ೨೦೧೮ರಲ್ಲಿ ಕುಶಾಗ್ರ ಪಾಠಕ್ ಎಂಬ ಭದ್ರತಾ ಸಂಶೋಧಕರಿಗೆ ವಿಶ್ವಸಂಸ್ಥೆಯವರ ಹಲವು ಟ್ರೆಲೊ ಬೋರ್ಡುಗಳೂ ಗೂಗಲ್ ದಾಖಲೆಗಳೂ ಬೀದಿಯಲ್ಲಿ ಬಿದ್ದಂತೆ ಸಿಕ್ಕವು. ಅವರು ಯಾವ ಬೀಗವನ್ನೂ ಒಡೆಯಲಿಲ್ಲ. ಗೂಗಲಿನಲ್ಲಿ ಹುಡುಕಿದರು, ಅಷ್ಟೆ. ಅವುಗಳಲ್ಲಿ ವಿಶ್ವಸಂಸ್ಥೆಯ ಒಂದು ಕಡತ ಭಂಡಾರಕ್ಕೆ ಹೋಗುವ ಗುಪ್ತಪದವಿತ್ತು, ಅವರ ಭಾಷಾಶಾಲೆಯ ದೂರದರ್ಶನ ಸಭೆಗಳಿಗೆ ಸೇರುವ ಗುಪ್ತಪದವಿತ್ತು. ಸುದ್ದಿ ಆ ವರ್ಷದ ಸೆಪ್ಟೆಂಬರಿನಲ್ಲಿ 'ದಿ ಇಂಟರ್ಸೆಪ್ಟ್' ಪತ್ರಿಕೆಯಲ್ಲಿ ಬಂತು. ಬೋರ್ಡನ್ನು ಸಾರ್ವಜನಿಕ ಎಂದು ಇಟ್ಟವರು ದುರುದ್ದೇಶದಿಂದ ಇಟ್ಟಿರಲಾರರು. ದೂರದ ಸಹೋದ್ಯೋಗಿಗೆ ಬೇಗ ತೋರಿಸಬೇಕಾಗಿತ್ತು, ತೆರೆದರು, ಮುಚ್ಚುವುದನ್ನು ಮರೆತರು ಎಂದೇ ನಮ್ಮ ಊಹೆ. ನಮ್ಮ ಸಂಘಗಳಲ್ಲಿ ಆಗುವುದೂ ಅದೇ.

ಇನ್ನೊಂದು ಕಥೆ ಅಮೆರಿಕದ ನಾಸಾದ್ದು. ೨೦೧೯ರ ಜನವರಿಯಲ್ಲಿ ಹೊರಗೆ ಬಂತು. ಕಂಡುಹಿಡಿದವರು ಅವಿನಾಶ್ ಜೈನ್ ಎಂಬ ಸಂಶೋಧಕರು. ಅಲ್ಲಿ ಬಳಸುತ್ತಿದ್ದದ್ದು ಜಿರಾ. ಯಾರು ನೋಡಬಹುದು ಎಂದು ಸಾಧನ ಕೇಳಿದಾಗ ಅದನ್ನು ನೋಡಿಕೊಳ್ಳುವವರು 'ಎಲ್ಲರೂ' ಎಂಬುದನ್ನು ಆರಿಸಿದ್ದರು. ಅವರ ಮನಸ್ಸಿನಲ್ಲಿದ್ದ ಎಲ್ಲರೂ ಎಂದರೆ ಕಚೇರಿಯೊಳಗಿನ ಎಲ್ಲರೂ. ಜಿರಾ ತಿಳಿದುಕೊಂಡ ಎಲ್ಲರೂ ಎಂದರೆ ಭೂಮಿಯ ಮೇಲಿನ ಎಲ್ಲರೂ. ಹೀಗಾಗಿ ಅಲ್ಲಿನ ನೌಕರರ ಹೆಸರು, ಇಮೇಲ್, ಯಾರು ಯಾವ ಯೋಜನೆಯಲ್ಲಿದ್ದಾರೆಂಬುದು ಹೊರಗಿನವರ ಕಣ್ಣಿಗೆ ಬಿತ್ತು. ನಮ್ಮ ಮದುವೆಯ ಆಮಂತ್ರಣದಲ್ಲಿ 'ಸಕುಟುಂಬ ಸಪರಿವಾರ ಸಮೇತರಾಗಿ' ಎಂದು ಅಚ್ಚಾಗಿರುತ್ತದೆ. ಅದನ್ನು ಓದಿ ಎಷ್ಟು ಜನ ಹೋಗಬೇಕೆಂಬುದು ನಮಗೂ ಗೊತ್ತು, ಕರೆದವರಿಗೂ ಗೊತ್ತು. ಯಂತ್ರಕ್ಕೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಅದಕ್ಕೆ ಎಲ್ಲರೂ ಎಂದರೆ ಎಲ್ಲರೂ.

'ನಾವೆಲ್ಲ ಮನೆಯವರೇ ಅಲ್ಲವೆ, ನಮ್ಮ ನಮ್ಮಲ್ಲಿ ಮುಚ್ಚುಮರೆ ಏನು?' ಎಂದು ಕೇಳುವ ಹಿರಿಯರು ಪ್ರತಿ ಸಂಘದಲ್ಲೂ ಇರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಅವರಿಗೆ ನಮಗೆ ಪರಿಚಯದ ಒಂದು ಸಂಘದ ವಿಷಯ ಹೇಳಬೇಕೆನ್ನಿಸುತ್ತದೆ. ಊರು, ಹೆಸರು ಬೇಡ. ಅಲ್ಲಿ ಒಬ್ಬ ತಾಯಿ, ಗಂಡನ ಕೆಲಸ ಹೋಗಿ ಆರು ತಿಂಗಳಾಗಿದ್ದವರು, ಮಗನ ಶಾಲೆಯ ಶುಲ್ಕಕ್ಕೆ ಸಹಾಯ ಬೇಕೆಂದು ಸಂಘಕ್ಕೆ ಒಂದು ಕಾಗದ ಬರೆದುಕೊಟ್ಟರು. ಕಾರ್ಯಕಾರಿ ಸಮಿತಿ ಒಂದು ಮಾತೂ ಎದುರಾಡದೆ ಒಪ್ಪಿತು. ಖಜಾಂಚಿಗಳು ಮರೆಯಬಾರದೆಂದು ಅದನ್ನು ಒಂದು ಕಾರ್ಡು ಮಾಡಿ, ಕಾಗದದ ಚಿತ್ರವನ್ನೂ ಅಂಟಿಸಿ, ಹಬ್ಬದ ಕೆಲಸಗಳಿದ್ದ ಬೋರ್ಡಿನಲ್ಲೇ ಇಟ್ಟರು. ಆ ಬೋರ್ಡನ್ನು ನಾಟಕ ಸಮಿತಿಯ ಹುಡುಗರೂ ನೋಡುತ್ತಿದ್ದರು. ಒಂದು ಸಂಜೆ ತಾಲೀಮಿನಲ್ಲಿ ಜೊತೆಗಾರನೊಬ್ಬ ಆ ಮಗನನ್ನು, 'ನಿನ್ನ ಫೀಸು ಸಂಘದವರು ಕಟ್ಟಿದರಂತೆ, ಹೌದೇನೋ?' ಎಂದ. ಹಂಗಿಸಲು ಕೇಳಿದ್ದಲ್ಲ. ಹುಡುಗರು ಕೇಳುತ್ತಾರೆ. ಆ ಹುಡುಗ ಮರುದಿನದಿಂದ ತಾಲೀಮಿಗೆ ಬರಲಿಲ್ಲ. ಮುಂದಿನ ತಿಂಗಳು ತಾಯಿ ಒಂದು ಲಕೋಟೆಯಲ್ಲಿ ಹಣವನ್ನು ತಂದು ಖಜಾಂಚಿಗಳ ಮನೆಯಲ್ಲಿಟ್ಟು, 'ದೊಡ್ಡ ಉಪಕಾರವಾಯಿತು, ಅಣ್ಣ' ಎಂದು ಹೇಳಿ ಹೋದರು. ಆ ಹಣವನ್ನು ಅವರು ಎಲ್ಲಿಂದ ತಂದರೋ. ಆ ಸಂಸಾರ ಆಮೇಲೆ ಸಂಘದ ಯಾವ ಕಾರ್ಯಕ್ರಮಕ್ಕೂ ಕಾಲಿಡಲಿಲ್ಲ.

ಇಲ್ಲಿ ಕಳ್ಳರಿಲ್ಲ, ದುಷ್ಟರಿಲ್ಲ. ಗುಪ್ತಪದ ಕದ್ದವರಿಲ್ಲ. ಇದ್ದವರೆಲ್ಲ ಮನೆಯವರೇ. ಅದಕ್ಕೇ ನೋವು ಹೆಚ್ಚು. ಅಪರಿಚಿತನಿಗೆ ನಮ್ಮ ಬಡತನ ತಿಳಿದರೆ ಅವನು ನಾಳೆ ಮರೆಯುತ್ತಾನೆ. ಪ್ರತಿ ಭಾನುವಾರ ಕಮಾಟಿ ಬಾಗಿನಲ್ಲಿ ಎದುರಾಗುವವರಿಗೆ ತಿಳಿದರೆ ತಲೆ ಎತ್ತಿ ನಡೆಯುವುದು ಹೇಗೆ? ಆದುದರಿಂದ ಮನೆಯವರ ನಡುವೆಯೂ ಬಾಗಿಲು ಬೇಕೇ ಬೇಕು. ನಮ್ಮ ಹಳೆಯ ಮನೆಗಳಲ್ಲಿ ಬಂದವರನ್ನೆಲ್ಲ ಜಗಲಿಯಲ್ಲಿ ಕೂಡಿಸುತ್ತಿದ್ದರು, ಬೇಕಾದವರನ್ನು ನಡುಮನೆಗೆ ಕರೆಯುತ್ತಿದ್ದರು. ಅಡುಗೆಮನೆಯ ಡಬ್ಬದಲ್ಲಿ ಅಕ್ಕಿ ಎಷ್ಟಿದೆಯೆಂಬುದನ್ನು ನೆಂಟರಿಗೂ ತೋರಿಸುತ್ತಿರಲಿಲ್ಲ. ಅದನ್ನು ಯಾರೂ ಕಪಟವೆನ್ನಲಿಲ್ಲ.

ಹಾಗೆಂದು ಖಾಸಗಿತನದ ನೆಪದಲ್ಲಿ ಲೆಕ್ಕವನ್ನೇ ಮುಚ್ಚಿಡುವ ಪದಾಧಿಕಾರಿಗಳ ಪರ ನಾವು ವಾದಿಸುತ್ತಿದ್ದೇವೆಂದು ತಿಳಿಯಬಾರದು. ಸಂಘಕ್ಕೆ ಎಷ್ಟು ಬಂತು, ಎಷ್ಟು ಹೋಯಿತು, ಪೆಂಡಾಲಿಗೆಷ್ಟು, ಊಟಕ್ಕೆಷ್ಟು ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ನೋಡುವಂತಿರಬೇಕು. ಸಹಾಯ ನಿಧಿಯಿಂದ ಈ ವರ್ಷ ಇಷ್ಟು ರೂಪಾಯಿ, ಇಷ್ಟು ಸಂಸಾರಗಳಿಗೆ ಹೋಯಿತೆಂಬುದೂ ತೆರೆದೇ ಇರಲಿ. ಯಾವ ಸಂಸಾರ ಎಂಬುದು ಮಾತ್ರ ಮೂವರ ಮಟ್ಟಿಗೆ ನಿಲ್ಲಲಿ: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ಒಂದೇ ಬೋರ್ಡಿನಲ್ಲಿ ಒಂದು ಕಾರ್ಡನ್ನು ಮಾತ್ರ ಮುಚ್ಚುವಂತಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಆದ್ದರಿಂದ ಸಹಾಯದ ವಿಷಯಕ್ಕೆ ಪ್ರತ್ಯೇಕ ಬೋರ್ಡು, ಅದಕ್ಕೆ ಮೂರೇ ಹೆಸರು. ಸದಸ್ಯರ ವಿಳಾಸದ ಪಟ್ಟಿಗೆ ಇನ್ನೊಂದು. ಹಬ್ಬದ ಕೆಲಸಕ್ಕೆ ಬೇರೊಂದು. ಅದರಲ್ಲಿ ಫೋನ್ ಸಂಖ್ಯೆಯೂ ಬೇಡ, ಹೆಸರು ಸಾಕು. ಊರಿಗೆ ಹೋಗುವವರ ಪಟ್ಟಿ ಟಿಕೆಟ್ ಮಾಡಿಸುವ ಒಬ್ಬರ ಬಳಿ ಇದ್ದು, ಟಿಕೆಟ್ ಕೈಗೆ ಬಂದ ದಿನ ಅಳಿದುಹೋಗಲಿ. ಇಷ್ಟು ಮಾಡಲು ಒಂದು ಸಂಜೆ ಸಾಕು.

ನಮ್ಮಲ್ಲಿ ಬ್ಯಾಂಕಿನವರು ಬಹಳ ಮಂದಿ ಇದ್ದಾರೆ. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು, ಸಯಾಜಿರಾಯರು ೧೯೦೮ರಲ್ಲಿ ಈ ಊರಿನಲ್ಲೇ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಕರಾವಳಿಯ ಬ್ಯಾಂಕೂ ವಡೋದರದ ಬ್ಯಾಂಕೂ ಹೀಗೆ ಒಂದೇ ಮನೆಯಾದವು. ಈ ಬ್ಯಾಂಕಿನವರಿಗೆ ನಾವು ಹೇಳುತ್ತಿರುವುದರಲ್ಲಿ ಹೊಸದೇನೂ ಇಲ್ಲ. ಖಜಾನೆಗೆ ಎರಡು ಬೀಗದ ಕೈಗಳು, ಎರಡು ಕೈಗಳು ಇಬ್ಬರು ಅಧಿಕಾರಿಗಳಲ್ಲಿ; ಇಬ್ಬರೂ ಬಂದರೇನೇ ಬಾಗಿಲು ತೆರೆಯುವುದು. ಲೆಕ್ಕ ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಅಧಿಕಾರಿ ರಜೆಯ ಮೇಲೆ ಹೊರಟರೆ ಕೈಯನ್ನು ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಒಪ್ಪಿಸಿ ಹೋಗಬೇಕು. ಇದರಿಂದ ಯಾವ ಅಧಿಕಾರಿಯೂ ತನ್ನನ್ನು ನಂಬಲಿಲ್ಲವೆಂದು ಮುಖ ಊದಿಸಿಕೊಳ್ಳುವುದಿಲ್ಲ. ಬದಲಾಗಿ, ನಾಳೆ ಏನಾದರೂ ಕಡಮೆ ಬಿದ್ದರೆ ತನ್ನ ಮೇಲೆ ಅನುಮಾನ ಬಾರದೆಂಬ ನೆಮ್ಮದಿ ಅವನಿಗಿರುತ್ತದೆ. ಇಂಥವರೇ ಸಂಜೆ ಸಂಘದ ಸಭೆಗೆ ಬಂದು 'ಲಿಂಕ್ ಹಾಕಿಬಿಡಿ ಸಾರ್, ಎಲ್ಲರೂ ನೋಡಿಕೊಳ್ಳಲಿ' ಎನ್ನುವುದನ್ನು ಕಂಡಾಗ ನಗು ಬರುತ್ತದೆ.

ಈ ಮಾತಿಗೆ ಸೇರಿದ ಇನ್ನೊಂದು ಕೆಟ್ಟ ಅಭ್ಯಾಸವುಂಟು. ಟ್ರೆಲೊದವರು ೨೦೨೪ರಿಂದ ಪುಕ್ಕಟೆ ಖಾತೆಗೆ ಹತ್ತು ಜನರ ಮಿತಿ ಹಾಕಿದರು. ಹನ್ನೊಂದನೆಯವರನ್ನು ಸೇರಿಸಬೇಕಾದಾಗ ಸಂಘಗಳು ಎರಡು ಉಪಾಯ ಹೂಡುತ್ತವೆ. ಒಂದು, ಬೋರ್ಡನ್ನು ಸಾರ್ವಜನಿಕ ಮಾಡುವುದು; ಅದರ ಫಲವನ್ನು ಈಗಾಗಲೇ ನೋಡಿದೆವು. ಇನ್ನೊಂದು, ಸಂಘದ ಹೆಸರಿನಲ್ಲಿ ಒಂದೇ ಖಾತೆ ತೆರೆದು ಗುಪ್ತಪದವನ್ನು ಇಪ್ಪತ್ತು ಜನಕ್ಕೆ ಹೇಳುವುದು. ಆಗ ಬೋರ್ಡಿನಲ್ಲಿ ಏನೇ ಬದಲಾದರೂ 'ಸಂಘ' ಮಾಡಿತೆಂದೇ ಬರೆದಿರುತ್ತದೆ. ಚಂದಾದ ಅಂಕಿ ಐದು ಸಾವಿರವಿದ್ದದ್ದು ಐನೂರಾಗಿದ್ದರೆ ಬೆರಳು ಜಾರಿದ್ದು ಯಾರದೆಂದು ಕೇಳುವುದು ಯಾರನ್ನು? ಹಬ್ಬದ ಕೆಲಸ ನೋಡಿಕೊಳ್ಳಲು ಹತ್ತು ಜನ ಸಾಲದ ಸಂಘ ನಮಗೆ ಕಂಡಿಲ್ಲ. ಉಳಿದವರಿಗೆ ಆಗಬೇಕಾದ ಕೆಲಸವನ್ನು ಫೋನಿನಲ್ಲಿ ಹೇಳಿದರೂ ನಡೆಯುತ್ತದೆ. ಹಾಗೆ ಹೇಳಿದಾಗ ಕ್ಷೇಮ ಸಮಾಚಾರವೂ ಆಗುತ್ತದೆ.

ಕಾನೂನಿನ ಮಾತನ್ನೂ ಸ್ವಲ್ಪ ಆಡಬೇಕು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದು ಅದರಲ್ಲಿದೆ. ಖಾಸಗಿತನ ನಮ್ಮ ಸಂವಿಧಾನ ಕೊಟ್ಟ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟದ್ದು ೨೦೧೭ರ ಆಗಸ್ಟ್ ೨೪ರಂದು. ಆ ತೀರ್ಪನ್ನು ದೇಶವೆಲ್ಲ 'ಪುಟ್ಟಸ್ವಾಮಿ ತೀರ್ಪು' ಎಂದೇ ಕರೆಯುತ್ತದೆ. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ೧೯೨೬ರಲ್ಲಿ ಹುಟ್ಟಿದ ಅವರು ಆಧಾರ್ ವಿಷಯವಾಗಿ ಅರ್ಜಿ ಹಾಕಿದ್ದು ೨೦೧೨ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ! ಆ ವಯಸ್ಸಿನಲ್ಲಿ ನಮ್ಮಲ್ಲಿ ಅನೇಕರು ಪಿಂಚಣಿಯ ಬ್ಯಾಂಕಿಗೆ ಹೋಗುವುದಕ್ಕೂ ಬೇಸರಿಸುತ್ತಾರೆ. ತೀರ್ಪು ಬಂದಾಗ ಅವರಿಗೆ ತೊಂಬತ್ತೊಂದು. ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ೧೮ ತಿಂಗಳ ಅವಧಿ ಇಟ್ಟಿದ್ದಾರೆ. ಒಬ್ಬರು ತಮ್ಮ ಮನೆಯ ಮಟ್ಟಿಗೆ ಇಟ್ಟುಕೊಂಡ ಪಟ್ಟಿಗೆ ಈ ಕಾಯಿದೆ ತಗಲುವುದಿಲ್ಲ. ಆದರೆ ಕಾಯಿದೆಯಲ್ಲಿ 'ವ್ಯಕ್ತಿ' ಎಂಬ ಮಾತಿನ ಅರ್ಥದೊಳಗೆ ಜನರ ಸಂಘವೂ ಸೇರಿದೆ, ಅದು ನೋಂದಾಯಿತವಾಗಿರಲಿ ಇಲ್ಲದಿರಲಿ. ಅಂದಮೇಲೆ ಕನ್ನಡ ಸಂಘದವರು ತಮಗೆ ಇದರ ಗೊಡವೆ ಇಲ್ಲವೆಂದು ಕೂಡುವಂತಿಲ್ಲ. ಹದಿನೆಂಟು ತುಂಬದ ಮಕ್ಕಳ ವಿವರಕ್ಕೆ ತಂದೆತಾಯಿಯರ ಒಪ್ಪಿಗೆ ಬೇಕೆಂದೂ ಅದು ಹೇಳುತ್ತದೆ. ನಾಟಕದ ಮಕ್ಕಳ ಹೆಸರು, ಶಾಲೆ, ಭಾವಚಿತ್ರಗಳನ್ನು ಕಂಡಕಂಡ ಹಾಳೆಗೆ ಏರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು. ಕಾಯಿದೆ ಬರುವ ಮೊದಲೂ ಮಗುವಿನ ತಾಯಿಯನ್ನು ಒಂದು ಮಾತು ಕೇಳಬಹುದಾಗಿತ್ತೆನ್ನಿ.

ಕೊನೆಯದಾಗಿ ವರ್ಗದ ವಿಷಯ. ಬ್ಯಾಂಕು, ರೈಲ್ವೆ, ತೈಲ ಕಂಪನಿಗಳಲ್ಲಿರುವ ನಮ್ಮವರು ವಡೋದರದಲ್ಲಿ ಮೂರು ವರ್ಷ ಇದ್ದರೆ ಹ್ಚ್ಚು. ಏಪ್ರಿಲ್, ಮೇ ಬಂತೆಂದರೆ ಸಾಮಾನು ಕಟ್ಟುವ ಗಡಿಬಿಡಿ. ಬೀಳ್ಕೊಡುಗೆಗೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಬಾಡಿಗೆ ಮನೆಯ ಬೀಗದ ಕೈಯನ್ನು ಅವರು ಮನೆಯೊಡೆಯರಿಗೆ ಒಪ್ಪಿಸಿ ಹೋಗುತ್ತಾರೆ. ಸಂಘದ ಬೋರ್ಡಿನಲ್ಲಿ ಅವರ ಹೆಸರು ಮಾತ್ರ ಹಾಗೆಯೇ ಉಳಿದಿರುತ್ತದೆ. ಅವರಿಗೆ ಗುವಾಹಾಟಿಯಲ್ಲಿ ಕುಳಿತು ಫತೇಗಂಜಿನ ಸಂಸಾರಗಳ ಸುದ್ದಿ ಓದುವ ಚಪಲವಿಲ್ಲದಿರಬಹುದು. ಆದರೆ ಅವರ ಹಳೆಯ ಫೋನು ಯಾರ ಕೈಗೆ ಹೋಗಿದೆಯೋ ಯಾರು ಬಲ್ಲರು? ಬೀಳ್ಕೊಡುಗೆಯ ಮರುದಿನವೇ ಹೆಸರು ತೆಗೆಯುವುದನ್ನು ವಾಡಿಕೆ ಮಾಡಿಕೊಂಡರೆ ಯಾರಿಗೂ ಮನಸ್ಸಿಗೆ ಹತ್ತದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇದು ಲೇಸು.

ಹೋಗುವವರು ಹಾಳೆಯ ಒಡೆಯರೇ ಆಗಿದ್ದರೆ ತೊಡಕು ಬೇರೆ. ಗೂಗಲ್ ಶೀಟಿನ ಒಡೆತನ ಅದನ್ನು ತೆರೆದವರ ಸ್ವಂತ ಖಾತೆಗೆ ಅಂಟಿಕೊಂಡಿರುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲಿನವರು ೨೦೨೩ರ ಡಿಸೆಂಬರಿನಿಂದ ಆರಂಭಿಸಿದ್ದಾರೆ. ಹಳೆಯ ಕಾರ್ಯದರ್ಶಿಗಳು ಆ ಖಾತೆಯನ್ನು ಮರೆತರೆ ಅದರೊಂದಿಗೆ ಸಂಘದ ಹತ್ತು ವರ್ಷದ ಲೆಕ್ಕವೂ ಹೋಗಿಬಿಡಬಹುದು. ಆದ್ದರಿಂದ ಹೊರಡುವ ಮೊದಲು ಅವರು ಹಂಚಿಕೆಯ ಪುಟ ತೆರೆದು, ಹೊಸ ಕಾರ್ಯದರ್ಶಿಗಳ ಹೆಸರಿನ ಮುಂದೆ ಒಡೆತನ ವರ್ಗಾಯಿಸುವುದನ್ನು ಆರಿಸಬೇಕು. ಅಷ್ಟಕ್ಕೇ ಮುಗಿಯದು, ಹೊಸಬರಿಗೆ ಒಂದು ಪತ್ರ ಹೋಗುತ್ತದೆ, ಅವರು ಅದನ್ನು ತೆರೆದು ಒಪ್ಪಿಗೆ ಎಂದು ಒತ್ತಬೇಕು. ಒತ್ತುವ ತನಕ ಒಡೆತನ ಹಳಬರದೇ. ರೈಲು ಹೊರಡುವ ದಿನಕ್ಕೆ ಇದನ್ನು ಇಟ್ಟುಕೊಳ್ಳದೆ, ಇಬ್ಬರೂ ಎದುರೆದುರು ಕುಳಿತು, ಕಾಫಿ ಕುಡಿಯುತ್ತಲೇ ಮಾಡಿ ಮುಗಿಸಬಹುದು.